ಸೊಂಟದ ಬಟ್ಟಲು ಮುರಿದಿದೆ: ಶಸ್ತ್ರಚಿಕಿತ್ಸೆಗೆ ಮುನ್ನ 3ಡಿ ಮಾದರಿ ಬೇಕೇ? ಬೇಕಾದರೆ ನಮ್ಮ ಕಾರ್ಖಾನೆಯಲ್ಲೇ ಮಾಡಬಹುದೇ?

ಭೋಸರಿಕರ
ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿಯವನು. ಹನ್ನೊಂದು ವರ್ಷಗಳಿಂದ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ಭಾನುವಾರ ರಾತ್ರಿ ನವಲೆ ಸೇತುವೆಯ ಇಳಿಜಾರಿನಲ್ಲಿ ನನ್ನ ತಮ್ಮ ಕುಳಿತಿದ್ದ ಟೆಂಪೋ ಮುಂದಿದ್ದ ಲಾರಿಗೆ ಗುದ್ದಿತು. ಅವನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು, ಆ ಪೆಟ್ಟು ತೊಡೆಮೂಳೆಯ ಉದ್ದಕ್ಕೂ ಹಿಂದಕ್ಕೆ ಸಾಗಿ, ತೊಡೆಮೂಳೆಯ ಗುಂಡು ಕೂರುವ ಸೊಂಟದ ಬಟ್ಟಲು ಒಡೆದಿದೆ. ಜಾರಿದ್ದ ಗುಂಡನ್ನು ಅದೇ ರಾತ್ರಿ ಜಾಗಕ್ಕೆ ಕೂರಿಸಿ, ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ಬಟ್ಟಲಿನ ಹಿಂಗೋಡೆ ಮೂರು ಚೂರಾಗಿದ್ದು, ಅದರ ಜೊತೆಗೆ ಅಡ್ಡಲಾಗಿ ಇನ್ನೊಂದು ಸೀಳೂ ಇದೆಯೆಂದು ವೈದ್ಯರು ಹೇಳಿದರು.

ಶಸ್ತ್ರಚಿಕಿತ್ಸೆಗೆ ಮುನ್ನ ಸಿಟಿ ಸ್ಕ್ಯಾನಿನಿಂದ ಆ ಮೂಳೆಯ ನಿಜಗಾತ್ರದ ಪ್ಲಾಸ್ಟಿಕ್ ಮಾದರಿ ಮಾಡಿಸಿದರೆ ತಮಗೆ ಅನುಕೂಲವೆಂದೂ, ಅದು ಕಡ್ಡಾಯವಲ್ಲವೆಂದೂ, ಹೊರಗಿನವರಿಂದ ಮಾಡಿಸಲು 18,000 ರೂಪಾಯಿ ಆಗುತ್ತದೆಂದೂ ವೈದ್ಯರು ತಿಳಿಸಿದ್ದಾರೆ. ಇದು ನಿಜಕ್ಕೂ ಪ್ರಯೋಜನಕ್ಕೆ ಬರುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆ. ನಮ್ಮ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಹಿಡಿದಿಡುವ ಜಿಗ್ ಮತ್ತು ಫಿಕ್ಸ್ಚರ್ ಮಾಡಲು ಬಳಸುವ 3ಡಿ ಪ್ರಿಂಟರ್ ಇದೆ, ಮಾಲೀಕರು ಬಳಸಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಆಸ್ಪತ್ರೆಯವರು ಕೊಟ್ಟ ಸಿಡಿಯೂ ಕೈಯಲ್ಲಿದೆ. ಹಾಗಾದರೆ ನಾನೇ ಮುದ್ರಿಸಿಕೊಟ್ಟರೆ ಆಗದೇ ಎಂಬುದು ಎರಡನೆಯದು. ನಾಳೆ ಸಂಜೆಯೊಳಗೆ ಉತ್ತರ ಹೇಳಬೇಕಾಗಿದೆ.

ಠಾಣೆಯ ಸಂಶಯವಾದಿ
ಕಡ್ಡಾಯವಲ್ಲ ಎಂದು ವೈದ್ಯರೇ ಹೇಳಿದ ಮೇಲೆ ಪ್ರಶ್ನೆ ಎಲ್ಲಿದೆ? ಬಿಲ್ಲನ್ನು ಊದಿಸುವ ಹೊಸ ಬಾಬತ್ತು ಇದು.

ಹಳೆಯ ಗರಗಸ
ನಾನು ಮೂಳೆ ಶಸ್ತ್ರಚಿಕಿತ್ಸಕ. ಮುಂಬೈಯಲ್ಲಿ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ಸಂಶಯವಾದಿಗಳ ಮಾತಿನಲ್ಲಿ ಅರ್ಧ ನಿಜವಿದೆ, ಆದರೆ ಈ ಪ್ರಕರಣಕ್ಕೆ ಅನ್ವಯವಾಗುವುದು ಉಳಿದರ್ಧ.

ಸೊಂಟದ ಬಟ್ಟಲಿನ ಮುರಿತಗಳನ್ನು ಫ್ರಾನ್ಸಿನ ಜ್ಯೂಡೆ ಮತ್ತು ಲೆಟೂರ್ನೆಲ್ 1964ರಲ್ಲಿ ಹತ್ತು ಬಗೆಗಳಾಗಿ ವಿಂಗಡಿಸಿದರು, ಐದು ಸರಳ ಮತ್ತು ಐದು ಮಿಶ್ರ. ಅವರಿಗೆ ಇದ್ದದ್ದು ಎಕ್ಸ್‌ರೇ ಮಾತ್ರ: ಒಂದು ನೇರ ಚಿತ್ರ, 45 ಡಿಗ್ರಿ ಓರೆಯಾಗಿ ತೆಗೆದ ಎರಡು ಚಿತ್ರ. ನಾವೂ ಆ ಮೂರು ಚಿತ್ರಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಕಾಲೇಜಿನಿಂದ ತಂದ ಒಣಮೂಳೆಯ ಮೇಲೆ ಪೆನ್ಸಿಲಿನಿಂದ ಮುರಿತದ ಗೆರೆಯನ್ನು ಎಳೆದುಕೊಂಡು ಲೆಕ್ಕ ಹಾಕುತ್ತಿದ್ದೆವು. ಆ ಪೆನ್ಸಿಲಿನ ಗೆರೆ ಎಷ್ಟೋ ಸಲ ಸರಿಯಾಗಿರುತ್ತಿತ್ತು. ತಪ್ಪಾಗಿದ್ದಾಗ ಅದು ತಿಳಿಯುತ್ತಿದ್ದುದು ರೋಗಿಯ ಮೈ ಕೊಯ್ದ ಮೇಲೆ. ಹಿಂದಿನಿಂದ ತೆರೆದ ಮೇಲೆ ಮುರಿತ ಬಟ್ಟಲಿಗೆ ಮುಂದಿನಿಂದ ಆಸರೆಯಾದ ಮೂಳೆಯ ಕಂಬದಲ್ಲಿ ಅಡಗಿದೆಯೆಂದು ಕಂಡರೆ ಆಗ ಮಾಡುವುದೇನು?

ಹಿಂಗೋಡೆಯ ಒಂದೇ ದೊಡ್ಡ ಚೂರು ಎದ್ದಿದ್ದರೆ ಮಾದರಿ ಬೇಡವೆಂದೇ ನಾನೂ ಹೇಳುತ್ತಿದ್ದೆ. ಆದರೆ ನಿಮ್ಮ ತಮ್ಮನದು ಅಡ್ಡಸೀಳು ಮತ್ತು ಹಿಂಗೋಡೆ ಎರಡೂ ಕೂಡಿದ ಮಿಶ್ರ ಮುರಿತ. ಇಂಥದ್ದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದಕ್ಕೂ ಪರದೆಯ ಮೇಲೆ ನೋಡುವುದಕ್ಕೂ ಬಹಳ ಅಂತರವಿದೆ. ಇನ್ನೊಂದು ಲಾಭವೂ ಇದೆ. ಮುರಿದ ಮೂಳೆಯ ಮೇಲೆ ಕೂರಿಸುವ ಪ್ಲೇಟನ್ನು ಆ ಮೂಳೆಯ ಡೊಂಕಿಗೆ ತಕ್ಕಂತೆ ಬಗ್ಗಿಸಬೇಕಾಗುತ್ತದೆ. ಗಾಯವನ್ನು ತೆರೆದಿಟ್ಟುಕೊಂಡು, ರಕ್ತ ಒಸರುತ್ತಿರುವಾಗ ಬಗ್ಗಿಸಿ, ಇಟ್ಟು ನೋಡಿ, ತೆಗೆದು ಮತ್ತೆ ಬಗ್ಗಿಸುವ ಬದಲು, ಹಿಂದಿನ ದಿನವೇ ಮಾದರಿಯ ಮೇಲೆ ಬಗ್ಗಿಸಿ ಇಟ್ಟುಕೊಳ್ಳಬಹುದು.

ಕಾಲಾವಧಿಯನ್ನೂ ಗಮನದಲ್ಲಿಡಿ. ಈ ಶಸ್ತ್ರಚಿಕಿತ್ಸೆ ಎರಡು ವಾರದೊಳಗೆ ಆದರೆ ಒಳ್ಳೆಯದು. ಮೂರು ವಾರ ದಾಟಿದರೆ ಚೂರುಗಳು ತಪ್ಪಾದ ಜಾಗದಲ್ಲೇ ಬೆಸೆಯಲು ತೊಡಗುತ್ತವೆ. ಹದಿನೈದನೆಯ ದಿನ ಕೈಸೇರುವ ಸುಂದರವಾದ ಮಾದರಿಗಿಂತ ನಾಲ್ಕನೆಯ ದಿನ ಸಿಗುವ ಒರಟು ಮಾದರಿಯೇ ಮೇಲು.

ಠಾಣೆಯ ಸಂಶಯವಾದಿ
ಸರ್, ತಾವು ಮಾದರಿ ಇಲ್ಲದೆಯೇ ಮೂವತ್ತು ವರ್ಷ ನಡೆಸಿದಿರಿ. ಇಂದಿನವರಿಗೆ ಮಾತ್ರ ಏಕೆ ಬೇಕು? ಕೈಯ ಅಳತೆ ತಪ್ಪಿಹೋಯಿತೇ?

ಹಳೆಯ ಗರಗಸ
ನನ್ನ ಕೈಯ ಅಳತೆ ಕುದುರುವ ಮುನ್ನ ಎಷ್ಟು ರೋಗಿಗಳು ಕುಂಟಿದರು ಎಂದು ತಾವು ಕೇಳಲಿಲ್ಲ.

ಪರೇಲ್ ಪಾಳಿ
ನಾನು ಮುಂಬೈಯ ಆಸ್ಪತ್ರೆಯೊಂದರಲ್ಲಿ ಸಿಟಿ ಸ್ಕ್ಯಾನ್ ತಂತ್ರಜ್ಞೆ. ಮಾದರಿಯ ವಿಚಾರವನ್ನು ಪಕ್ಕಕ್ಕಿಡಿ. ಭೋಸರಿಕರ ಅವರೇ, ಮೊದಲು ನಿಮ್ಮ ಕೈಯಲ್ಲಿರುವ ಸಿಡಿಯಲ್ಲಿ ಏನಿದೆ ಎಂಬುದನ್ನು ನೋಡಿ. ಅದರಲ್ಲಿ ಕೇವಲ ಜೆಪೆಗ್ ಚಿತ್ರಗಳಿದ್ದರೆ ಅವು ಓದಲಿಕ್ಕೆ ಸಾಕು, ಅಳತೆಗೆ ಸಾಲವು. ನಿಮಗೆ ಬೇಕಾಗಿರುವುದು ಡೈಕಾಮ್ ಕಡತಗಳು. ಅವುಗಳಲ್ಲಿ ಪ್ರತಿ ಸ್ಲೈಸಿನ (ದೇಹದ ಒಂದೊಂದು ಅಡ್ಡಹೋಳಿನ ಚಿತ್ರದ) ದಪ್ಪ, ಚುಕ್ಕೆಯ ಅಗಲ, ರೋಗಿಯ ಎಡಬಲ ಎಲ್ಲವೂ ದಾಖಲಾಗಿರುತ್ತವೆ.

ಡೈಕಾಮ್ ಇದ್ದರೂ ಸ್ಲೈಸಿನ ದಪ್ಪವನ್ನು ನೋಡಲೇಬೇಕು. ವರದಿ ಬರೆಯುವವರ ಅನುಕೂಲಕ್ಕೆಂದು ಬಹಳ ಕಡೆ 5 ಮಿ.ಮೀ. ದಪ್ಪದ ಸ್ಲೈಸುಗಳನ್ನು ಮಾತ್ರ ಸಿಡಿಗೆ ಹಾಕಿ ಕೊಡುತ್ತಾರೆ. ಅದರಿಂದ ಮಾದರಿ ಮಾಡಿದರೆ ಮೂಳೆ ಮೆಟ್ಟಿಲು ಮೆಟ್ಟಿಲಾಗಿ, ರೊಟ್ಟಿಯ ಒಟ್ಟಿಲಿನಂತೆ ಕಾಣುತ್ತದೆ, ಎರಡು ಮಿ.ಮೀ. ಸರಿದ ಚೂರು ಕಾಣಿಸುವುದೇ ಇಲ್ಲ. ಕೇಳಬೇಕಾದ ಮಾತು ಇಷ್ಟೇ: "ಬೋನ್ ವಿಂಡೋದ ತೆಳು ಸ್ಲೈಸುಗಳು, 1 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ, ಡೈಕಾಮ್‌ನಲ್ಲಿ ಕೊಡಿ." ಇದನ್ನು ಇಂದೇ ಕೇಳಿ. ಯಂತ್ರದಲ್ಲಿ ಕಚ್ಚಾ ದತ್ತಾಂಶ ಇರುವತನಕ ಅದರಿಂದ ತೆಳು ಸ್ಲೈಸುಗಳನ್ನು ಮತ್ತೆ ಕಟ್ಟಿಕೊಡಬಹುದು, ಆದರೆ ಜಾಗ ತುಂಬಿದಂತೆ ಯಂತ್ರ ಅದನ್ನು ಅಳಿಸುತ್ತಾ ಹೋಗುತ್ತದೆ. ಆಮೇಲೆ ಉಳಿಯುವ ದಾರಿ ಒಂದೇ, ರೋಗಿಯನ್ನು ಮತ್ತೊಮ್ಮೆ ವಿಕಿರಣಕ್ಕೆ ಒಡ್ಡುವುದು.

ಇನ್ನೊಂದು ಲೆಕ್ಕವನ್ನು ಹೇಳುತ್ತೇನೆ. ಇಡೀ ಸೊಂಟವನ್ನು 400 ಮಿ.ಮೀ. ಅಗಲದಲ್ಲಿ ಸ್ಕ್ಯಾನ್ ಮಾಡಿದರೆ, ಚಿತ್ರದಲ್ಲಿ ಅಡ್ಡಲಾಗಿ 512 ಚುಕ್ಕೆಗಳಿರುವುದರಿಂದ ಒಂದೊಂದು ಚುಕ್ಕೆ ಸುಮಾರು 0.78 ಮಿ.ಮೀ. ಆಗುತ್ತದೆ. ನಿಮ್ಮ ಪ್ರಿಂಟರ್ 0.1 ಮಿ.ಮೀ. ಪದರ ಹಾಕುತ್ತದೆಂದು ಹೆಮ್ಮೆಪಡಬೇಕಾಗಿಲ್ಲ. ಸ್ಕ್ಯಾನ್ ಕಂಡದ್ದಕ್ಕಿಂತ ಹೆಚ್ಚಿನದನ್ನು ಯಾವ ಪ್ರಿಂಟರೂ ತೋರಿಸಲಾರದು.

ಭೋಸರಿಕರ
ಅಕ್ಕಾ, ಬಹಳ ಉಪಕಾರವಾಯಿತು. ಸಿಡಿಯನ್ನು ತೆರೆದು ನೋಡಿದೆ. ಡೈಕಾಮ್ ಇದೆ, ಆದರೆ ದಪ್ಪ 5.0 ಎಂದಿದೆ. ಈಗಲೇ ಆಸ್ಪತ್ರೆಗೆ ಹೊರಟಿದ್ದೇನೆ.

ಬೆಳಗಾವಿ ಪ್ಯಾಟರ್ನ್
ನಾನು ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕದ ಅಚ್ಚಿಗೆ ಬೇಕಾದ ಮರದ ಪ್ಯಾಟರ್ನ್ ಮಾಡುತ್ತಾ ಬೆಳೆದವನು, ಈಗ ಪಿಂಪ್ರಿಯಲ್ಲಿ ನನ್ನದೇ ಸಣ್ಣ ಪ್ಯಾಟರ್ನ್ ಶಾಪ್ ಇದೆ. ವೈದ್ಯಕೀಯ ನನಗೆ ಗೊತ್ತಿಲ್ಲ. ಆದರೆ ನಮ್ಮ ಕಸುಬಿನಲ್ಲಿ ಪ್ಯಾಟರ್ನ್ ಎಂದೂ ಎರಕದ ಅಳತೆಗೆ ಸಮನಾಗಿರುವುದಿಲ್ಲ. ಬೀಡುಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆಯಾದ್ದರಿಂದ ಅಷ್ಟು ದೊಡ್ಡದಾಗಿ ಕೆತ್ತುತ್ತೇವೆ. ಪ್ಲಾಸ್ಟಿಕ್ಕೂ ಆರುವಾಗ ಕುಗ್ಗುವ ವಸ್ತುವೇ. ಮುದ್ರಣಕ್ಕೆ ಬಳಸುವ ಪ್ಲಾಸ್ಟಿಕ್ಕುಗಳಲ್ಲಿ ಎಬಿಎಸ್ ಹೆಚ್ಚು ಕುಗ್ಗಿ ಮೂಲೆಗಳಲ್ಲಿ ಮೇಲೇಳುತ್ತದೆ, ಪಿಎಲ್‌ಎ ಕಡಿಮೆ. ಆದ್ದರಿಂದ ಮೂಳೆಯ ಪಕ್ಕದಲ್ಲಿ 50 ಮಿ.ಮೀ. ಘನವೊಂದನ್ನೂ ಅದೇ ಹಾಸಿನ ಮೇಲೆ ಮುದ್ರಿಸಿ, ಮೂರು ದಿಕ್ಕಿನಲ್ಲೂ ವರ್ನಿಯರ್ ಹಿಡಿದು ನೋಡಿ. ಅದು ಸರಿಯಿಲ್ಲದಿದ್ದರೆ ಮೂಳೆಯೂ ಸರಿಯಿರುವುದಿಲ್ಲ.

ಪ್ರಿಂಟರಿಗಾಗಿ ಆಕಾರವನ್ನು ಉಳಿಸಿಡುವ ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನವೇ ಇರುವುದಿಲ್ಲ ಎಂಬುದನ್ನೂ ನೆನಪಿಡಿ. ಅದರಲ್ಲಿ 50 ಎಂದಿದ್ದರೆ ಮಿಲಿಮೀಟರೋ ಇಂಚೋ ಎಂದು ಹೇಳುವವರಿಲ್ಲ. ಒಮ್ಮೆ ಗಿರಾಕಿಯೊಬ್ಬರು ಪಂಪಿನ ಕೇಸಿಂಗ್ ಕಳುಹಿಸಿದ್ದರು. ಅದು ಪರದೆಯ ಮೇಲೆ ಭವ್ಯವಾಗಿ ಕಂಡಿತು, ಆದರೆ ಯಂತ್ರದಿಂದ ಇಳಿದದ್ದು ಅಡಿಕೆಯಷ್ಟಾಗಿತ್ತು, 25.4 ಪಟ್ಟು ಚಿಕ್ಕದು.

ಹಳೆಯ ಗರಗಸ
ಅಡಿಕೆಯಷ್ಟಾದರೆ ಯಾರಿಗಾದರೂ ಕಾಣುತ್ತದೆ. ಭಯವಿರುವುದು ನೂರಕ್ಕೆ ಮೂರರಷ್ಟು ತಪ್ಪಿದ್ದಾಗ.

ಬೆಳಗಾವಿ ಪ್ಯಾಟರ್ನ್
ಅದಕ್ಕೇ ಘನವೆಂದೆ, ಡಾಕ್ಟರೇ.

ಮಾಟುಂಗಾ ಮೇಷ್ಟ್ರು
ಚರ್ಚೆ ಬಹಳ ಚೆನ್ನಾಗಿ ನಡೆದಿದೆ. ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ಇಂಗ್ಲಿಷಿನ ರ್‍ಯಾಪಿಡ್ ಪ್ರೊಟೊಟೈಪಿಂಗ್ ಎಂಬುದಕ್ಕೆ ಪತ್ರಿಕೆಗಳಲ್ಲಿ "ಕ್ಷಿಪ್ರ ಮೂಲಮಾದರಿ ತಯಾರಿಕೆ" ಎಂದು ಬರೆಯುವುದುಂಟು. ಇಲ್ಲಿ ಅದು ಹೊಂದುತ್ತದೆಯೇ? ಮೂಲ ಇರುವುದು ರೋಗಿಯ ದೇಹದೊಳಗೆ. ಯಂತ್ರದಿಂದ ಹೊರಬರುವುದು ಅದರ ನಕಲು. ಹಾಗಾಗಿ "ಪ್ರತಿಕೃತಿ" ಎನ್ನುವುದೇ ಉಚಿತವೆಂದು ನನ್ನ ಎಣಿಕೆ.

ಬೆಳಗಾವಿ ಪ್ಯಾಟರ್ನ್
ಮೇಷ್ಟ್ರೇ, ಶಾಪಿನಲ್ಲಿ ನಾವೆಲ್ಲ "ಆರ್‌ಪಿ ಪೀಸ್" ಎಂದೇ ಕರೆಯುತ್ತೇವೆ.

ದವಡೆ ವೈದ್ಯ
ಮೇಷ್ಟ್ರ ಮಾತು ಸಣ್ಣದಲ್ಲ. ಅದು ನಕಲು, ಅದೂ ಒಬ್ಬ ಮನುಷ್ಯ ಕುಳಿತು ತೀರ್ಮಾನಿಸಿ ಮಾಡಿದ ನಕಲು. ನಾನು ಧಾರವಾಡದಲ್ಲಿ ಓದಿ ಈಗ ಪುಣೆಯಲ್ಲಿ ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದೇನೆ. ನಮ್ಮ ಕ್ಷೇತ್ರದಲ್ಲಿ ಇಂಥ ಮಾದರಿಗಳು ಮೂಳೆ ವಿಭಾಗಕ್ಕಿಂತ ಮುಂಚೆಯೇ ಬಳಕೆಗೆ ಬಂದವು. 3ಡಿ ಮುದ್ರಣದ ಆರಂಭದ ವಿಧಾನವಾದ ಚಾರ್ಲ್ಸ್ ಹಲ್ ಅವರ ಸ್ಟೀರಿಯೊಲಿಥೋಗ್ರಫಿಗೆ ಪೇಟೆಂಟ್ ದೊರೆತದ್ದು 1986ರಲ್ಲಿ. ಅದಾಗಿ ಐದು ವರ್ಷಗಳೊಳಗೇ ಸ್ಕ್ಯಾನಿನಿಂದ ತಲೆಬುರುಡೆಯ ಮಾದರಿ ಮಾಡುವ ಪ್ರಯತ್ನಗಳು ನಡೆದಿದ್ದವು.

ಸ್ಕ್ಯಾನಿನಲ್ಲಿ ಮೂಳೆ ಎಂದು ಬರೆದಿರುವುದಿಲ್ಲ, ಸಂಖ್ಯೆಗಳಿರುತ್ತವೆ. ಸಿಟಿಯಲ್ಲಿ ಸಾಂದ್ರತೆಯನ್ನು ಸೂಚಿಸುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರು 0, ಗಾಳಿ −1000, ಗಟ್ಟಿ ಮೂಳೆ ಸಾವಿರದ ಆಸುಪಾಸು ಮತ್ತು ಅದಕ್ಕೂ ಮೇಲೆ. ತಂತ್ರಾಂಶಕ್ಕೆ "ಸುಮಾರು 200ರ ಮೇಲಿನದೆಲ್ಲ ಮೂಳೆ" ಎಂದು ಗಡಿ ಹಾಕಿಕೊಟ್ಟರೆ ಅದು ಹಾಗೆಯೇ ಕತ್ತರಿಸುತ್ತದೆ. ಗಡಿಯನ್ನು ಕೆಳಗಿಳಿಸಿದರೆ ಮೂಳೆ ಉಬ್ಬುತ್ತದೆ, ಮೇಲೇರಿಸಿದರೆ ಸವೆಯುತ್ತದೆ. ಕಣ್ಣುಗುಡ್ಡೆಯ ಕೆಳಗಿನ ಕಾಗದದಂಥ ಮೂಳೆಯಂತೂ ಎಷ್ಟೋ ಸಲ ಮಾಯವಾಗಿ, ಇಲ್ಲದ ತೂತು ಮಾದರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆ ತೂತನ್ನು ನಿಜವೆಂದು ನಂಬಿದರೆ ಗ್ರಹಚಾರ. ಹಲ್ಲಿನಲ್ಲಿ ಬೆಳ್ಳಿಯ ಮಿಶ್ರಣ ತುಂಬಿಸಿಕೊಂಡಿದ್ದರೆ ಚಿತ್ರದ ತುಂಬ ಕಿರಣದಂಥ ಗೆರೆಗಳು ಹರಡಿ, ಮಾದರಿಯ ಮೇಲೆ ಮುಳ್ಳು ಬೆಳೆದಂತಾಗುತ್ತದೆ. ಅದನ್ನೆಲ್ಲ ಸ್ಲೈಸ್ ಸ್ಲೈಸಾಗಿ ಕೈಯಿಂದ ಬಿಡಿಸಬೇಕು.

ನಿಮ್ಮ ತಮ್ಮನ ವಿಷಯದಲ್ಲಿ ಇನ್ನೂ ತ್ರಾಸದ ಕೆಲಸವೊಂದಿದೆ. ತೊಡೆಮೂಳೆಯ ಗುಂಡಿಗೂ ಬಟ್ಟಲಿಗೂ ನಡುವೆ ಇರುವ ಜಾಗ ಕೆಲವೇ ಮಿಲಿಮೀಟರ್. ತಂತ್ರಾಂಶ ಎರಡನ್ನೂ ಒಂದೇ ಮೂಳೆಯೆಂದು ಅಂಟಿಸಿಬಿಡುತ್ತದೆ. ಗುಂಡನ್ನು ಬೇರ್ಪಡಿಸಿ ತೆಗೆಯದಿದ್ದರೆ ಬಟ್ಟಲಿನ ಒಳಮೈ ಕಾಣಿಸುವುದೇ ಇಲ್ಲ, ಅದನ್ನು ನೋಡುವುದಕ್ಕೇ ಮಾದರಿ ಬೇಕಾಗಿರುವುದು. ನಾನು ಕಲಿಯುವಾಗ ಇಂಥ ಒಂದು ಕೆಲಸಕ್ಕೆ ಇಡೀ ರಾತ್ರಿ ಕುಳಿತಿದ್ದೇನೆ. ನಿಮ್ಮಿಂದ ಕೇಳಿದ 18,000ದಲ್ಲಿ ಪ್ಲಾಸ್ಟಿಕ್ಕಿನ ಬೆಲೆ ಕೆಲವು ನೂರು ರೂಪಾಯಿ ಇರಬಹುದು. ಉಳಿದದ್ದು ಯಂತ್ರದ ಸಮಯಕ್ಕೆ ಮತ್ತು, ಹೆಚ್ಚಾಗಿ, ಹೀಗೆ ಕುಳಿತು ಬಿಡಿಸುವವರ ಕಣ್ಣಿಗೆ.

ಠಾಣೆಯ ಸಂಶಯವಾದಿ
ಹಾಗಾದರೆ ಆ ಕಣ್ಣು ಯಾರದು ಎಂದು ಕೇಳಬೇಕಲ್ಲವೇ? ಅಂಗರಚನೆ ಓದಿದವರದೋ, ಎರಡು ವಾರದ ತರಬೇತಿ ಪಡೆದ ಹುಡುಗನದೋ?

ದವಡೆ ವೈದ್ಯ
ಮೊದಲ ಸಲ ತಾವು ಸರಿಯಾದ ಪ್ರಶ್ನೆ ಕೇಳಿದಿರಿ. ಯಾರೇ ಬಿಡಿಸಿರಲಿ, ಶಸ್ತ್ರಚಿಕಿತ್ಸಕರು ಆ ಗಡಿಗೆರೆಯನ್ನು ಮೂಲ ಸ್ಲೈಸುಗಳ ಮೇಲಿಟ್ಟು ನೋಡಿ ಒಪ್ಪಬೇಕು. ಒಪ್ಪದೆ ಮುದ್ರಣಕ್ಕೆ ಹೋಗಬಾರದು.

ವಾಸ್ಕೋ ಬಂದರು
ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಾವು ಗದಗ ಜಿಲ್ಲೆಯವರು, ಎರಡು ತಲೆಮಾರಿನಿಂದ ಗೋವಾದಲ್ಲಿದ್ದೇವೆ. ನನ್ನ ಭಾವ ಕಟ್ಟಡದ ಸಾರುವೆಯಿಂದ ಬಿದ್ದು, ಮೆದುಳು ಊದಿಕೊಂಡಿದ್ದರಿಂದ ತಲೆಬುರುಡೆಯ ಬಲಭಾಗದ ಒಂದು ತುಂಡನ್ನು ತೆಗೆದಿದ್ದರು. ಕೆಲವು ತಿಂಗಳ ನಂತರ ಆ ಜಾಗಕ್ಕೆ ಮುಚ್ಚಳ ಕೂರಿಸಲು ಬೇರೆ ಊರಿನ ಆಸ್ಪತ್ರೆಗೆ ಹೋದೆವು. ಅಳತೆ ನೋಡಲೆಂದು ಅವರು ಹೊರಗಿನ ಅಂಗಡಿಯಲ್ಲಿ ಬುರುಡೆಯ ಮಾದರಿ ಮಾಡಿಸಿದರು. ಪೆಟ್ಟಿಗೆ ಬಿಚ್ಚಿದರೆ ತೂತು ಎಡಗಡೆಗಿತ್ತು! ಎಲ್ಲರಿಗಿಂತ ಮೊದಲು ಅದನ್ನು ಕಂಡವಳು ನಮ್ಮ ಅಕ್ಕ, ದಿನವೂ ಆ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು. ಡೈಕಾಮ್ ಪದ್ಧತಿಯಲ್ಲಿ ಎಡಕ್ಕೆ ಧನ (ಪ್ಲಸ್), ಬೇರೆ ತಂತ್ರಾಂಶಗಳಲ್ಲಿ ಬಲಕ್ಕೆ ಧನ ಎಂದು ಲೆಕ್ಕವಿರುವುದರಿಂದ ಹೀಗಾಯಿತೆಂದು ಅಂಗಡಿಯವರು ಸಮಜಾಯಿಷಿ ಕೊಟ್ಟರು. ಹೊಸ ಮಾದರಿಗೆ ಹತ್ತು ದಿನ ಕಾದೆವು.

ಪೊವಾಯಿ ಪ್ರಯೋಗಾಲಯ
ಅಂಗಡಿಯವರು ಕೊಟ್ಟ ವಿವರಣೆ ತಪ್ಪು. ಡೈಕಾಮ್‌ನಲ್ಲಿ ಅಕ್ಷಗಳು ಎಡಕ್ಕೆ, ಹಿಂದಕ್ಕೆ, ತಲೆಯ ಕಡೆಗೆ ಏರುತ್ತವೆ. 3ಡಿ ಸ್ಲೈಸರ್‌ನಂಥ ತಂತ್ರಾಂಶಗಳಲ್ಲಿ ಬಲಕ್ಕೆ, ಮುಂದಕ್ಕೆ, ತಲೆಯ ಕಡೆಗೆ ಏರುತ್ತವೆ. ಅಂದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಅಕ್ಷಗಳು ಒಟ್ಟಿಗೆ ಮಗುಚುತ್ತವೆ. ಎರಡು ಮಗುಚಿದರೆ ವಸ್ತು 180 ಡಿಗ್ರಿ ತಿರುಗುತ್ತದೆ, ಅಷ್ಟೇ, ಕನ್ನಡಿಯ ಬಿಂಬವಾಗುವುದಿಲ್ಲ. ಕನ್ನಡಿಯ ಬಿಂಬವಾಗಬೇಕಾದರೆ ಒಂದೇ ಅಕ್ಷ ಮಗುಚಬೇಕು. ಅದು ಸಾಮಾನ್ಯವಾಗಿ ಆಗುವುದು ಜೆಪೆಗ್ ಚಿತ್ರಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸುವ ಬದಲು ಮೇಲಿನಿಂದ ಕೆಳಕ್ಕೆ ಜೋಡಿಸಿದಾಗ. ನಿಮ್ಮ ಅಂಗಡಿಯವರು ಡೈಕಾಮನ್ನು ಮುಟ್ಟಿಯೇ ಇರಲಿಲ್ಲವೆಂದು ನನ್ನ ಊಹೆ.

ವಾಸ್ಕೋ ಬಂದರು
ಹೌದು, ವಾಟ್ಸಾಪಿನಲ್ಲಿ ಚಿತ್ರಗಳನ್ನು ಕಳುಹಿಸಿ ಎಂದಿದ್ದರು. ಈಗ ಅರ್ಥವಾಯಿತು.

ಪರೇಲ್ ಪಾಳಿ
ವಾಟ್ಸಾಪಿನಲ್ಲಿ! ರೋಗಿಯ ಹೆಸರು, ವಯಸ್ಸು, ನೋಂದಣಿ ಸಂಖ್ಯೆ ಎಲ್ಲವೂ ಚಿತ್ರದ ಮೂಲೆಯಲ್ಲೇ ಇರುತ್ತವೆ. ಹೊರಗಿನವರಿಗೆ ಕಳುಹಿಸುವ ಮುನ್ನ ಅವುಗಳನ್ನು ತೆಗೆದುಹಾಕಬೇಕು. ಭೋಸರಿಕರ ಅವರೇ, ನಿಮ್ಮ ಕಾರ್ಖಾನೆಯ ಕಂಪ್ಯೂಟರಿಗೂ ಇದೇ ಮಾತು ಅನ್ವಯಿಸುತ್ತದೆ.

ಪೊವಾಯಿ ಪ್ರಯೋಗಾಲಯ
ಎಡಬಲದ ಅಪಾಯ ಸೊಂಟದ ವಿಷಯದಲ್ಲಿ ಇನ್ನೂ ಹೆಚ್ಚು. ಬುರುಡೆಯ ತೂತು ಕಣ್ಣಿಗೆ ಹೊಡೆಯುತ್ತದೆ. ಅರ್ಧ ಸೊಂಟದ ಮಾದರಿಯನ್ನು ಮೇಜಿನ ಮೇಲಿಟ್ಟರೆ ಅದು ಎಡದ್ದೋ ಬಲದ್ದೋ ಎಂದು ವಿನ್ಯಾಸ ವಿಭಾಗದವರಿಗೆ ತಿಳಿಯುವುದಿಲ್ಲ. ಇದಕ್ಕೊಂದು ತೊಡಕೂ ಇದೆ. ಪ್ಲೇಟ್ ಬಗ್ಗಿಸಲು ವೈದ್ಯರು ಬೇಕೆಂದೇ ಕನ್ನಡಿ ಬಿಂಬವನ್ನು ಕೇಳುತ್ತಾರೆ, ಮುರಿಯದ ಬದಿಯನ್ನು ಮಗುಚಿ, ಮುರಿದ ಬದಿ ಮೊದಲು ಹೇಗಿತ್ತೆಂದು ತೋರಿಸಲಿಕ್ಕೆ. ಆಗ ಮೇಜಿನ ಮೇಲೆ ಎರಡು ಮಾದರಿಗಳಿರುತ್ತವೆ, ಒಂದು ಮುರಿದದ್ದು, ಇನ್ನೊಂದು ಮಗುಚಿದ್ದು. ಆದ್ದರಿಂದ ಮುದ್ರಿಸುವ ಮುನ್ನವೇ ಮಾದರಿಯ ಮೈಮೇಲೆ "ಬಲ, ಮುರಿದದ್ದು", "ಎಡದಿಂದ ಮಗುಚಿದ್ದು" ಎಂಬ ಅಕ್ಷರಗಳನ್ನು ಉಬ್ಬಾಗಿ ಮೂಡಿಸಿ. ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತೇನೆ ಎನ್ನಬೇಡಿ, ಸ್ಪಿರಿಟ್ ತಾಕಿದರೆ ಅಳಿಸಿಹೋಗುತ್ತದೆ.

ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. 3ಡಿ ಸ್ಲೈಸರ್ ಉಚಿತ. ಬ್ರೆಜಿಲ್ಲಿನ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಇನ್ವೆಸಾಲಿಯಸ್ ಕೂಡ ಉಚಿತ, ಹೊಸಬರಿಗೆ ಅದೇ ಸುಲಭ. ವೈದ್ಯರು ಮತ್ತು ಎಂಜಿನಿಯರುಗಳು ಒಂದೇ ಮೇಜಿನಲ್ಲಿ ಕೂರುವುದು ಮಹಾರಾಷ್ಟ್ರದಲ್ಲಿ ಹೊಸದೇನಲ್ಲ. ಐಐಟಿ ಬಾಂಬೆಯಲ್ಲಿ 2014ರಲ್ಲಿ ವೈದ್ಯಕೀಯ ಸಾಧನಗಳನ್ನು ರೂಪಿಸುವ ಬೆಟಿಕ್ ಕೇಂದ್ರ ಆರಂಭವಾದಾಗ ಎಂಜಿನಿಯರಿಂಗ್ ಸಂಸ್ಥೆಗಳಾದ ಪುಣೆಯ ಸಿಒಇಪಿಯೂ ನಾಗಪುರದ ವಿಎನ್‌ಐಟಿಯೂ ಅದರ ಜೊತೆಗಿದ್ದವು. ಅದನ್ನು ಕಟ್ಟಿದ ಪ್ರೊ. ಬಿ. ರವಿ ಮುಂದೆ ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಗೆ ನಿರ್ದೇಶಕರಾದರು.

ಕಲ್ಯಾಣದ ತಾಯಿ
ಇದುವರೆಗೆ ಓದುತ್ತಲೇ ಇದ್ದೆ, ಬರೆಯಬೇಕೋ ಬೇಡವೋ ಎಂದು ತೋಚಲಿಲ್ಲ. ನನ್ನ ಮಗಳ ಹೃದಯದಲ್ಲಿ ಹುಟ್ಟಿನಿಂದಲೇ ದೋಷವಿತ್ತು. ಎರಡು ದೊಡ್ಡ ರಕ್ತನಾಳಗಳೂ ಬಲ ಕೋಣೆಯಿಂದಲೇ ಹೊರಟಿದ್ದವು, ನಡುವಿನ ಗೋಡೆಯಲ್ಲಿ ರಂಧ್ರವಿತ್ತು. ಆ ರಂಧ್ರದಿಂದ ಮಹಾಪಧಮನಿಗೆ ಒಳಗಿನಿಂದ ದಾರಿ ಕಟ್ಟಲು ಸಾಧ್ಯವೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಎಕೋ ಪರೀಕ್ಷೆಯಿಂದ ಅದು ಸ್ಪಷ್ಟವಾಗಲಿಲ್ಲವೆಂದು, ಬಣ್ಣದ ಔಷಧಿ ಕೊಟ್ಟು ಸಿಟಿ ಮಾಡಿಸಿ, ಅದರಿಂದ ಮೆತ್ತನೆಯ ರಬ್ಬರಿನಂಥ ವಸ್ತುವಿನಲ್ಲಿ ಹೃದಯವನ್ನು ಮುದ್ರಿಸಿದರು. ಅದನ್ನು ಎರಡು ಹೋಳಾಗಿ ತೆರೆಯುವಂತೆ ಮಾಡಿದ್ದರು. ವೈದ್ಯರು ಅದನ್ನು ತೆರೆದು, ರಂಧ್ರದೊಳಗೆ ಪೆನ್ನಿನ ತುದಿಯನ್ನಿಟ್ಟು, "ಇಲ್ಲಿಂದ ಇಲ್ಲಿಗೆ ದಾರಿ ಮಾಡುತ್ತೇವೆ ತಾಯಿ" ಎಂದರು.

ಅದಕ್ಕೂ ಮುನ್ನ ಆರು ತಿಂಗಳಿಂದ ನನಗೆ ಎಷ್ಟೋ ಜನ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದರು. ನಾನು ಅರ್ಥವಾಯಿತೆಂದು ತಲೆಯಾಡಿಸುತ್ತಿದ್ದೆ, ಅರ್ಥವಾಗಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಅಂದು ಹಾಕಿದ ಸಹಿಯನ್ನು ನಾನು ತಿಳಿದು ಹಾಕಿದೆ. ಮಾದರಿಯಿಂದ ಶಸ್ತ್ರಚಿಕಿತ್ಸೆ ಎಷ್ಟು ಸುಲಭವಾಯಿತೋ ನಾನು ಹೇಳಲಾರೆ. ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ.

ಹಳೆಯ ಗರಗಸ
ತಾಯಿ, ಒಳ್ಳೆಯದಾಗಲಿ. ಒಪ್ಪಿಗೆಯ ಬಗ್ಗೆ ನೀವು ಹೇಳಿದ್ದನ್ನು ನಾವು ವೈದ್ಯರು ಸಾಕಷ್ಟು ಯೋಚಿಸಿಲ್ಲ.

ಆದರೆ ಯುವ ವೈದ್ಯರು ಇಲ್ಲಿದ್ದರೆ ಅವರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಮೂಳೆಯ ಮಾದರಿಯಲ್ಲಿ ಸ್ನಾಯುವಿಲ್ಲ, ನರವಿಲ್ಲ, ರಕ್ತವಿಲ್ಲ. ಬಟ್ಟಲಿನ ಹಿಂಗೋಡೆಯ ಬೆನ್ನಿಗೇ ಕಾಲಿಗಿಳಿಯುವ ಸಯಾಟಿಕ್ ನರ ಹಾದುಹೋಗುತ್ತದೆ. ಮಾದರಿಯಲ್ಲಿ ಆ ಜಾಗ ಖಾಲಿ ಬಯಲು. ಮೇಜಿನ ಮೇಲೆ ಸ್ಕ್ರೂ ಎಲ್ಲಿಂದ ಬೇಕಾದರೂ ಹಾಕಬಹುದು, ಕೈಯಲ್ಲಿ ಹಿಡಿದು ತಿರುಗಿಸಬಹುದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸಿಗುವುದು ಅಂಗೈಯಗಲದ ಕಿಟಕಿ. ಮಾದರಿಯನ್ನು ಬಟ್ಟೆಯಿಂದ ಮುಚ್ಚಿ, ಆ ಕಿಟಕಿಯಷ್ಟು ಮಾತ್ರ ತೆರೆದುಕೊಂಡು ಅಭ್ಯಾಸ ಮಾಡಿರೆಂದು ನನ್ನ ಕಿರಿಯರಿಗೆ ಹೇಳುತ್ತಿದ್ದೆ.

ದವಡೆ ವೈದ್ಯ
ಇದಕ್ಕೆ ನಾನೂ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಗುಟ್ಕಾ, ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಆದವರು ಬಹಳ. ದವಡೆಯ ಒಂದು ಭಾಗವನ್ನು ತೆಗೆದು, ಕಾಲಿನ ಫಿಬ್ಯುಲಾ ಮೂಳೆಯನ್ನು ರಕ್ತನಾಳದ ಸಮೇತ ತಂದು ಹೊಸ ದವಡೆ ಕಟ್ಟುತ್ತೇವೆ. ಈ ವಿಧಾನ 1989ರಿಂದ ಇದೆ. ದವಡೆಯ ಮಾದರಿಯ ಮೇಲೆ ಪ್ಲೇಟನ್ನು ಮೊದಲೇ ಬಗ್ಗಿಸಿಟ್ಟರೆ ಉಳಿಯುವ ಸಮಯ ದೊಡ್ಡದು. ಆದರೆ ಒಮ್ಮೆ ರೋಗಿಯೊಬ್ಬರು ಹಣ ಹೊಂದಿಸಲು ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬಂದರು. ಅಷ್ಟರಲ್ಲಿ ಗಡ್ಡೆ ಮುಂದಕ್ಕೆ ಹಬ್ಬಿತ್ತು. ಮಾದರಿ ಮತ್ತು ಅದರ ಮೇಲೆ ಎಳೆದಿದ್ದ ಕತ್ತರಿಸುವ ಗೆರೆ ಎರಡೂ ವ್ಯರ್ಥವಾದವು. ಮಾದರಿ ಸ್ಕ್ಯಾನ್ ಆದ ದಿನದ ಸತ್ಯವನ್ನು ಮಾತ್ರ ಹೇಳುತ್ತದೆ.

ಭೋಸರಿಕರ
ತೆಳು ಸ್ಲೈಸುಗಳು ಸಿಕ್ಕಿವೆ, 0.75 ಮಿ.ಮೀ.! ದತ್ತಾಂಶ ಇನ್ನೂ ಯಂತ್ರದಲ್ಲಿತ್ತು. ವೈದ್ಯರ ಬಳಿಯೂ ಮಾತನಾಡಿದೆ. ನಾನೇ ಮುದ್ರಿಸುತ್ತೇನೆಂದಾಗ ಅವರು ಮೊದಲು ನಕ್ಕರು. ಆಮೇಲೆ, ಮೂಳೆಯನ್ನು ಬಿಡಿಸುವ ಕೆಲಸವನ್ನು ತಮ್ಮ ಕಿರಿಯ ವೈದ್ಯರೊಬ್ಬರು ಮಾಡಿಕೊಡುತ್ತಾರೆ, ಮುದ್ರಣ ಮಾತ್ರ ನಿಮ್ಮದು ಎಂದು ಒಪ್ಪಿದರು. ಪಿಎಲ್‌ಎ ಸಾಕೇ? ಕ್ರಿಮಿಶುದ್ಧಿಗೆಂದು ಆಟೋಕ್ಲೇವಿನಲ್ಲಿ ಹಾಕುತ್ತಾರಲ್ಲವೇ? ಚೂರುಗಳು ಬೇರೆ ಬೇರೆಯಾಗಿವೆ, ಅವು ಗಾಳಿಯಲ್ಲಿ ನಿಲ್ಲುವುದು ಹೇಗೆ?

ಪೊವಾಯಿ ಪ್ರಯೋಗಾಲಯ
ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಆಟೋಕ್ಲೇವಿನ ಉಗಿ 121 ಅಥವಾ 134 ಡಿಗ್ರಿ ಇರುತ್ತದೆ. ಒಳಗೆ ಹೋದದ್ದು ಸೊಂಟವಾಗಿದ್ದರೆ ಹೊರಗೆ ಬರುವುದು ಹಪ್ಪಳ. ಆದರೆ ಮಾದರಿಯನ್ನು ಕ್ರಿಮಿಶುದ್ಧಿ ಮಾಡಬೇಕಾಗಿಯೇ ಇಲ್ಲ. ಪ್ಲೇಟನ್ನು ಹಿಂದಿನ ದಿನ ಮಾದರಿಯ ಮೇಲೆ ಬಗ್ಗಿಸಿ, ಆಟೋಕ್ಲೇವಿಗೆ ಆ ಪ್ಲೇಟನ್ನು ಮಾತ್ರ ಕಳುಹಿಸುತ್ತಾರೆ. ಶಸ್ತ್ರಚಿಕಿತ್ಸೆಯ ವೇಳೆ ಮಾದರಿಯನ್ನು ಮುಟ್ಟದೆ, ದೂರದ ಮೇಜಿನ ಮೇಲಿಟ್ಟು ನೋಡಿದರೆ ಸಾಕು. ಗಾಯದ ಬಳಿಗೇ ತರಬೇಕಾದರೆ ನೈಲಾನ್ ಪುಡಿಯಿಂದ ಲೇಸರಿನಲ್ಲಿ ಮಾಡಿದ್ದು ಬೇಕು, ಅದು ನಿಮ್ಮ ಯಂತ್ರದ ಕೆಲಸವಲ್ಲ.

ಒಂದು ಗಡಿಯನ್ನು ಮಾತ್ರ ದಾಟಬೇಡಿ. ನೋಡಲು ಮಾದರಿ ಮಾಡಿಕೊಡುವುದು ಬೇರೆ. ಮೂಳೆಗೆ ತಾಗಿಸಿ ಕೊರೆಯುವ ಗೈಡ್ ಅಥವಾ ದೇಹದೊಳಗೆ ಉಳಿಯುವ ವಸ್ತುವನ್ನು ಮಾಡುವುದು ಬೇರೆ. ಎರಡನೆಯದು ವೈದ್ಯಕೀಯ ಸಾಧನಗಳ ನಿಯಮಾವಳಿ, 2017ರ ಅಡಿಯಲ್ಲಿ ಬರುತ್ತದೆ. ಕಾರ್ಖಾನೆಯ ಜಿಗ್ ಮಾಡಿದ ಅನುಭವ ಅಲ್ಲಿಗೆ ಸಾಲದು.

ಬೆಳಗಾವಿ ಪ್ಯಾಟರ್ನ್
ಚೂರುಗಳಿಗೆ ಮೂರು ಮಿಲಿಮೀಟರಿನ ಸಣ್ಣ ಕಡ್ಡಿಗಳನ್ನು ಸೇತುವೆಯಂತೆ ಕೊಡಿ. ಮುರಿತದ ಬಾಯಿಗೆ ಅಡ್ಡ ಬಾರದಂತೆ, ವೈದ್ಯರು ನೋಡದ ಬದಿಯಲ್ಲಿ ಕೊಡಿ. ಆಧಾರದ ಪ್ಲಾಸ್ಟಿಕ್ ಬಿಡಿಸುವಾಗ ಇಕ್ಕಳ ಹಾಕಿ ಎಳೆಯಬೇಡಿ, ತೆಳು ತುದಿ ಜೊತೆಗೇ ಕಿತ್ತು ಬರುತ್ತದೆ. ಮುರಿತ ಎರಡಾಗಿದ್ದದ್ದು ಮೂರಾದರೆ ವೈದ್ಯರು ನಿಮ್ಮನ್ನು ಕೇಳುವುದಿಲ್ಲ, ತಮ್ಮನಿಗೇ ಹಾಗಾಗಿದೆಯೆಂದು ತಿಳಿಯುತ್ತಾರೆ.

ಠಾಣೆಯ ಸಂಶಯವಾದಿ
ಇಷ್ಟೆಲ್ಲ ಕೇಳಿದ ಮೇಲೆ 18,000 ಕೊಟ್ಟುಬಿಡುವುದೇ ವಾಸಿ ಎನ್ನಿಸುತ್ತಿದೆ.

ಮಾಟುಂಗಾ ಮೇಷ್ಟ್ರು
ಸಂಶಯವಾದಿಗಳು ಹೆಸರು ಬದಲಾಯಿಸಿಕೊಳ್ಳುವ ಕಾಲ ಬಂತು.

ಭೋಸರಿಕರ
ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಕಿರಿಯ ವೈದ್ಯರು ಎರಡು ಸಂಜೆ ಕುಳಿತು ಗುಂಡನ್ನು ಬೇರ್ಪಡಿಸಿದರು. ನಾನು ಪಕ್ಕದಲ್ಲೇ ಕುಳಿತು ನೋಡಿದೆ. 18,000 ಎಲ್ಲಿಗೆ ಹೋಗುತ್ತದೆಂದು ಆಗ ತಿಳಿಯಿತು. ಮುರಿದ ಬದಿಗೆ ಇಪ್ಪತ್ತಾರು ಗಂಟೆ, ಮಗುಚಿದ ಬದಿಗೆ ಇಪ್ಪತ್ತೆರಡು ಗಂಟೆ ಯಂತ್ರ ಓಡಿತು. ಮೊದಲ ಪ್ರಯತ್ನ ನಡುರಾತ್ರಿ ವಿದ್ಯುತ್ ಹೋಗಿ ಹಾಳಾಯಿತು. ಎರಡನೆಯದನ್ನು ಯುಪಿಎಸ್ ಹಾಕಿ ಮುಗಿಸಿದೆ. ಅಕ್ಷರಗಳನ್ನು ಉಬ್ಬಾಗಿಯೇ ಮೂಡಿಸಿದೆ.

ಮಾದರಿಯನ್ನು ಕೈಗೆತ್ತಿಕೊಂಡ ವೈದ್ಯರು ಐದು ನಿಮಿಷ ಮಾತನಾಡಲಿಲ್ಲ. ಒಂದು ಚೂರು ಬಟ್ಟಲಿನ ಒಳಮೈಯಲ್ಲಿ ಒತ್ತಿ ಕುಸಿದಿರುವುದು ಪರದೆಯ ಮೇಲೆ ತಮಗೆ ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲವೆಂದರು. ಹಿಂದಿನಿಂದ ಒಂದೇ ಬದಿಯಲ್ಲಿ ತೆರೆದರೆ ಸಾಕೆಂದು ತೀರ್ಮಾನಿಸಿ, ಎರಡು ಪ್ಲೇಟುಗಳನ್ನು ಮುಂಚಿತವಾಗಿಯೇ ಬಗ್ಗಿಸಿಕೊಂಡರು. ಶಸ್ತ್ರಚಿಕಿತ್ಸೆ ಹನ್ನೊಂದನೆಯ ದಿನ ನಡೆಯಿತು. ಒಂದು ಪ್ಲೇಟು ಹಾಗೆಯೇ ಕೂತಿತು, ಇನ್ನೊಂದನ್ನು ತುಸು ತಿದ್ದಬೇಕಾಯಿತಂತೆ. ಪಾದ ಆಡುತ್ತಿದೆ, ನರಕ್ಕೆ ತೊಂದರೆಯಾಗಿಲ್ಲ. ತಮ್ಮ ಈಗ ವಾಕರ್ ಹಿಡಿದು, ಆ ಕಾಲನ್ನು ಊರದೆ ಓಡಾಡುತ್ತಿದ್ದಾನೆ. ಮಾದರಿಯನ್ನು ಮನೆಗೆ ತಂದರೆ ಅವ್ವ ಒಳಗೆ ಬಿಡಲಿಲ್ಲ. "ಜೀವಂತ ಇರೋ ಮಗನ ಎಲುಬು ಮನ್ಯಾಗ ಇಡ್ತಾರೇನೋ?" ಎಂದಳು. ಅದು ಈಗ ಕಾರ್ಖಾನೆಯ ನನ್ನ ಮೇಜಿನ ಮೇಲಿದೆ.

ಹಳೆಯ ಗರಗಸ
ಒತ್ತಿ ಕುಸಿದ ಆ ಚೂರನ್ನು ಎತ್ತಿ, ಅದರ ಹಿಂದಿನ ಪೊಳ್ಳಿಗೆ ಮೂಳೆ ತುಂಬಿದರೇ ಎಂದು ಕೇಳಿ ತಿಳಿಸಿ. ಮುಂದಿನ ಎಕ್ಸ್‌ರೇಗಳನ್ನು ತಪ್ಪಿಸಬೇಡಿ. ಗುಂಡಿಗೆ ರಕ್ತಸಂಚಾರ ಉಳಿದಿದೆಯೇ ಎಂಬುದು ತಿಳಿಯಲು ತಿಂಗಳುಗಳೇ ಬೇಕು, ಅದನ್ನು ಯಾವ ಮಾದರಿಯೂ ಹೇಳುವುದಿಲ್ಲ.

ಭೋಸರಿಕರ
ತುಂಬಿದ್ದಾರಂತೆ ಸರ್, ಸೊಂಟದ ಮೇಲಂಚಿನಿಂದಲೇ ತೆಗೆದು. ಮೊದಲ ಎಕ್ಸ್‌ರೇ ಮುಂದಿನ ಸೋಮವಾರ.

ಬೆಳಗಾವಿ ಪ್ಯಾಟರ್ನ್
ಎಲ್ಲ ಹೇಳಿದಿರಿ, ಘನದ ಅಳತೆ ಹೇಳಲಿಲ್ಲ.

ಭೋಸರಿಕರ
ಉದ್ದ 49.9, ಅಗಲ 49.8, ಎತ್ತರ 50.1.

ಬೆಳಗಾವಿ ಪ್ಯಾಟರ್ನ್
ನಡೆಯುತ್ತದೆ.